ಕರಡು ನಕ್ಷೆಯ ಅರವತ್ತು ದಿನ

ಊರಿನ ಯಾವ ಜಾಗವನ್ನು ಯಾವುದಕ್ಕೆ ಬಳಸಬಹುದೆಂದು ಗೊತ್ತುಮಾಡುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಕಾನೂನು ಕೊಡುವ ಕಾಲ 60 ದಿನ. ನಮಗೆ ವಿಷಯ ಗೊತ್ತಾಗುವಾಗ ಅದರಲ್ಲಿ ಅರ್ಧದಷ್ಟು ಆಗಲೇ ಮುಗಿದಿತ್ತು. ಯಾರೂ ಮನೆಗೆ ನೋಟಿಸು ತಂದುಕೊಡಲಿಲ್ಲ. ಒಬ್ಬೊಬ್ಬ ಮಾಲೀಕನಿಗೂ ಕೊಡಬೇಕೆಂದು ಕಾನೂನಿನಲ್ಲೂ ಇಲ್ಲ. ಪತ್ರಿಕೆಯಲ್ಲೊಂದು ಪ್ರಕಟಣೆ, ಕಚೇರಿಯ ಗೋಡೆಗೊಂದು ನಕ್ಷೆ, ಅಷ್ಟಾದರೆ ಊರಿಗೆಲ್ಲ ತಿಳಿಸಿದ ಹಾಗೆ. ಶಿರಸಿಯ ಅಂಚಿನಲ್ಲಿ ತುಂಡು ಜಾಗ ಇಟ್ಟುಕೊಂಡ ನಮ್ಮಂಥವರಿಗೆ ಆ ಗೋಡೆಯ ನಕ್ಷೆ ಏನು ಮಾಡಬಲ್ಲದು, ಅದನ್ನು ಸರಿಪಡಿಸಿಕೊಳ್ಳಲು ಎಲ್ಲೆಲ್ಲಿ ಓಡಾಡಬೇಕು ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಇದೇ ದಾರಿಯಲ್ಲಿ ಹೋಗಬೇಕಾದ ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನಮ್ಮದು 22 ಗುಂಟೆ. ಓಣಿಯ ಕಡೆಗೆ ಹಳೇ ಹೆಂಚಿನ ಮನೆ, ಮನೆಯ ಹಿಂದೆ ಬಾವಿ ಮತ್ತು ಒಂದಿಷ್ಟು ತೆಂಗು, ಅದರಾಚೆ ಇಳಿಜಾರಿಗೆ ಅಡಿಕೆ ತೋಟ, ತುದಿಯಲ್ಲಿ ಹಳ್ಳ. ಮೇಲಿನ 12 ಗುಂಟೆಯನ್ನು ಅಪ್ಪಯ್ಯ ಬದುಕಿದ್ದಾಗಲೇ ಬಿನ್‌ಶೇತ್ಕಿ, ಅಂದರೆ ಮನೆ ಕಟ್ಟಲು ಬರುವ ಕೃಷಿಯೇತರ ಜಾಗ, ಮಾಡಿಸಿದ್ದ. ಹುಬ್ಬಳ್ಳಿಯಲ್ಲಿದ್ದ ತಂಗಿ ಊರಿಗೆ ಬಂದು ಮನೆಯ ಹಿಂದಿನ ಖಾಲಿ ಜಾಗದಲ್ಲಿ ತನ್ನದೊಂದು ಮನೆ ಕಟ್ಟುವುದೆಂದು ಮಾತಾಯಿತು. ಬ್ಯಾಂಕಿನವರು ಸಾಲಕ್ಕೆ ಕೇಳಿದ ಕಾಗದಗಳ ಪಟ್ಟಿಯಲ್ಲಿ ಭೂಬಳಕೆ ಪ್ರಮಾಣಪತ್ರವೂ ಇತ್ತು. ಅದಕ್ಕೆಂದು ಯೋಜನಾ ಪ್ರಾಧಿಕಾರದ ಕಚೇರಿಗೆ ಹೋದೆ. ಅರ್ಜಿ ತೆಗೆದುಕೊಂಡ ಸಿಬ್ಬಂದಿಯೊಬ್ಬರು, “ಹೆಗಡೇರೆ, ಈಗಿರೋ ಯೋಜನೆ ಪ್ರಕಾರ ನಿಮ್ಮದು ವಸತಿ. ಆದ್ರೆ ಹೊಸ ಕರಡು ಬಂದದೆ. ಅದನ್ನೂ ಒಂದ್ಸಲ ನೋಡ್ಕೊಂಡು ಹೋಗಿ” ಎಂದರು. ಅವರಿಗೆ ಹೇಳಲೇಬೇಕಾದ ಮಾತೇನೂ ಅದಾಗಿರಲಿಲ್ಲ. ನಾನು ಇವತ್ತಿಗೂ ಅವರಿಗೆ ಋಣಿ.

ಈ ನಕ್ಷೆ ತಯಾರಾಗುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ. 10 ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಕಟ್ಟಡ, ಹಸಿರು ಉದ್ಯಾನ ಮತ್ತು ಬಯಲು, ಇನ್ನೂ ತೆಳು ಹಸಿರು ಕೃಷಿ. ನಮ್ಮ ಸರ್ವೆ ನಂಬರ್ ಹುಡುಕುವುದೇ ಕಷ್ಟವಾಯಿತು, ಅಕ್ಷರ ಅಷ್ಟು ಸಣ್ಣದು. ಸಿಕ್ಕಿತು. ಹಳೇ ಮನೆಯಿದ್ದಲ್ಲಿ ಹಳದಿ. ತೋಟದ ಮೇಲೆ ಹಳ್ಳದವರೆಗೂ ಕಡು ಹಸಿರು. ಎರಡರ ನಡುವೆ ಜಾಗದ ಅಡ್ಡಕ್ಕೂ ಜೋಡಿ ಗೆರೆ, ಪಕ್ಕದಲ್ಲಿ ‘ಉದ್ದೇಶಿತ ರಸ್ತೆ, 18 ಮೀ’. ಬನವಾಸಿ ರಸ್ತೆಯ ಕಡೆಯಿಂದ ಬಂದು ಊರಿನ ಹೊರಗಿನಿಂದಲೇ ಇನ್ನೊಂದು ಮುಖ್ಯ ರಸ್ತೆಗೆ ಕೂಡುವ ರಸ್ತೆ ಅದು. ಬಾವಿ ಸರಿಯಾಗಿ ಆ ಗೆರೆಗಳ ಮಧ್ಯದಲ್ಲಿತ್ತು. ತಂಗಿಯ ಮನೆಯ ಜಾಗವೂ ಅದೇ.

ಲೆಕ್ಕ ಹಾಕಿದೆ. 18 ಮೀಟರ್ ಅಂದರೆ 59 ಅಡಿ. ನಮ್ಮ ಜಾಗದ ಅಗಲ 40 ಮೀಟರ್ ಸುಮಾರು. ಎರಡನ್ನೂ ಗುಣಿಸಿದರೆ 720 ಚದರ ಮೀಟರ್, ಗುಂಟೆಗೆ 101 ಚದರ ಮೀಟರಿನಂತೆ 7 ಗುಂಟೆ ಮಿಕ್ಕಿ ರಸ್ತೆಗೆ. ಹಿಂದಿನ 10 ಗುಂಟೆ ಉದ್ಯಾನಕ್ಕೆ. ಉಳಿಯುವ ಹಳೇ ಮನೆಯ ತುಂಡಿನಲ್ಲೂ ಹೊಸ ರಸ್ತೆಯಿಂದ ನಿಯಮದಷ್ಟು ಅಂತರ ಬಿಡಬೇಕು. ಫೋನಿನಲ್ಲಿ ತೆಗೆದ ಫೋಟೋ ಮನೆಯಲ್ಲಿ ತೋರಿಸಿದಾಗ ಆಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ತಮಾ, ಇದ್ರಲ್ಲಿ ನಮ್ಮನೆ ಎಲ್ಲಿದ್ದು?” ಎಂದು ಕೇಳಿದಳು.

ಅಕ್ಕಪಕ್ಕದವರಿಗೆ ಹೇಳಲು ಹೋದಾಗ ಹೆಚ್ಚಿನವರು ನಂಬಲಿಲ್ಲ. ನಮ್ಮ ಕೆಳಗಿನ ಜಾಗದಲ್ಲಿ ಮರಗೆಲಸದ ಶೆಡ್ ಇಟ್ಟುಕೊಂಡ ಸಾಹೇಬರು, “ಉತಾರ (ಪಹಣಿ) ನನ್ನ ಹೆಸರಲ್ಲೇ ಉಂಟಲ್ಲ, ಬಣ್ಣ ಬಳದ್ರೆ ಎಂತ ಆಗ್ತದೆ ಹೆಗಡೇರೆ?” ಎಂದರು. ಎಲ್ಲರ ಪ್ರಶ್ನೆಯೂ ಅದೇ, ಮತ್ತು ಇಡೀ ವಿಷಯ ಅಲ್ಲೇ ಇದೆ. ಮಹಾಯೋಜನೆ ಯಾರ ಉತಾರದಿಂದಲೂ ಹೆಸರು ತೆಗೆಯುವುದಿಲ್ಲ. ಜಾಗ ನಮ್ಮದೇ, ಕಂದಾಯ ಕಟ್ಟುವವರೂ ನಾವೇ. ಆದರೆ ಆ ಜಾಗದಲ್ಲಿ ಏನು ಮಾಡಬಹುದು ಎಂಬುದು ನಕ್ಷೆಯ ಬಣ್ಣಕ್ಕೆ ಸೇರಿಹೋಗುತ್ತದೆ. ಹಸಿರು ಬಿದ್ದಲ್ಲಿ ಭೂಪರಿವರ್ತನೆಗೆ ಅರ್ಜಿ ಹಾಕಿದರೆ ಯೋಜನೆಗೆ ವಿರುದ್ಧ ಎಂಬ ಅಭಿಪ್ರಾಯ ಹೋಗುತ್ತದೆ. ಮನೆ ಕಟ್ಟುವ ಪರವಾನಗಿ ಸಿಗುವುದಿಲ್ಲ. ಪರವಾನಗಿ ಇಲ್ಲದ್ದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಮಾರಬಹುದು, ಆದರೆ ವಿಚಾರಿಸಿ ಬರುವ ಗಿರಾಕಿ ನಕ್ಷೆ ನೋಡಿಕೊಂಡೇ ಬರುತ್ತಾನೆ. ಸರ್ಕಾರ ಜಾಗ ತೆಗೆದುಕೊಂಡರೆ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ಕೊಡಬೇಕು. ಗೆರೆ ಎಳೆದು ಸುಮ್ಮನೆ ಬಿಟ್ಟರೆ ಯಾವ ಪರಿಹಾರವೂ ಕೈಗೆ ಬರುವುದಿಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಭಾರ. ಸ್ವಾಧೀನಕ್ಕೆ ಒಂದು ದಿನಾಂಕ, ಒಂದು ಮೊತ್ತ, ಒಂದು ಕೋರ್ಟು ಎಂದಾದರೂ ಇದೆ; ಗೆರೆಯ ಕೆಳಗೆ ಕಾಯುವ ಕುಟುಂಬದ ಮದುವೆ, ಪಾಲು, ಓದು ಎಲ್ಲವೂ ಆ ಗೆರೆಗಾಗಿ ನಿಂತಿರುತ್ತವೆ.

ಈಗಿನ ಯೋಜನೆ ಜಾರಿಯಲ್ಲಿದೆಯಲ್ಲ, ಹಾಗಾದರೆ ಈಗಲೇ ಕಟ್ಟಿಬಿಡಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟರು. ಬ್ಯಾಂಕಿನ ವಕೀಲರು ಒಪ್ಪಲಿಲ್ಲ. ಕರಡಿನಲ್ಲಿ ರಸ್ತೆ ತೋರಿಸಿದ ಜಾಗಕ್ಕೆ ಅಂತಿಮ ಆದೇಶ ಬರುವವರೆಗೆ ತಾವು ಸಹಿ ಹಾಕುವುದಿಲ್ಲ ಎಂದರು. ಅವರ ಕಡೆಯಿಂದ ಅದು ಸರಿಯೇ.

ಇದೇ ಕರಡಿನಿಂದ ಲಾಭವಾದವರೂ ನಮ್ಮ ಓಣಿಯ ಆಚೆಗೇ ಇದ್ದಾರೆ. ಮುಖ್ಯ ರಸ್ತೆಯ ಪಕ್ಕದ ಗದ್ದೆಯೊಂದು ಕೃಷಿಯಿಂದ ನೇರವಾಗಿ ವಾಣಿಜ್ಯಕ್ಕೆ ಹೋಯಿತು. ನಕ್ಷೆ ಗೋಡೆಗೇರಿದ ವಾರದಲ್ಲೇ ಅಲ್ಲಿಗೆ ದಲ್ಲಾಳಿಗಳು ಬಂದರು. ಆದರೆ ಆ ಗದ್ದೆಯ ಯಜಮಾನರಿಗೆ ಬೇಕಿದ್ದದ್ದು ಭತ್ತ ಬೆಳೆಯುವುದು. ನಕ್ಷೆ ನೀಲಿಯಾದರೆ ಬೇಸಾಯ ನಿಲ್ಲಿಸಬೇಕೆಂದೇನೂ ಇಲ್ಲ, ಈಗಿರುವ ಬಳಕೆ ಮುಂದುವರಿಸಬಹುದು. ಆದರೂ ಮಕ್ಕಳು ಪಾಲು ಕೇಳತೊಡಗಿದರು. ಉದ್ದೇಶ ಯಾರದೂ ಕೆಟ್ಟದಲ್ಲ, ದರ ಮಾತ್ರ ಬದಲಾಗಿದೆ. ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚು ಕಾಡಿರುವ ಉತ್ತರ ಕನ್ನಡದಲ್ಲಿ ಖಾಸಗಿ ಒಡೆತನದ ಮಾಲ್ಕಿ ಜಾಗ ಮೊದಲೇ ಕಡಿಮೆ. ಊರು ಬೆಳೆಯಲು ಉಳಿದಿರುವುದು ಪೇಟೆಯ ಸುತ್ತಲಿನ ಈ ತೋಟ, ಗದ್ದೆಗಳೇ. ಹಾಗಾಗಿ ಇಲ್ಲಿ ಒಂದು ಬಣ್ಣ ಬದಲಾದರೆ ಅದರ ಪೆಟ್ಟು ಅಥವಾ ಲಾಭ ಎರಡೂ ದೊಡ್ಡದು.

ಕಾಗದ ಜೋಡಿಸಲು ಶುರು ಮಾಡಿದೆವು. ಉತಾರ, ಮ್ಯುಟೇಶನ್, ಋಣಭಾರ ಪತ್ರ ಇವು ಸುಲಭಕ್ಕೆ ಸಿಕ್ಕವು. ಅಪ್ಪಯ್ಯ ಮಾಡಿಸಿದ್ದ ಬಿನ್‌ಶೇತ್ಕಿ ಆದೇಶದ ಪ್ರತಿ ಮನೆಯ ಟ್ರಂಕಿನಲ್ಲಿತ್ತು, ಅರ್ಧ ಗೆದ್ದಲು ತಿಂದಿತ್ತು. ದಾಖಲೆ ಕೊಠಡಿಯಿಂದ ದೃಢೀಕೃತ ನಕಲು ಬೇಕು. ಅದಕ್ಕೆ ಅರ್ಜಿ ಹಾಕಿ, ಆದೇಶದ ಸಂಖ್ಯೆ ಮತ್ತು ವರ್ಷ ಹಳೇ ಪ್ರತಿಯಿಂದ ಓದಿ ಕೊಟ್ಟಿದ್ದರಿಂದ ಬೇಗ ಸಿಕ್ಕಿತು. ಸಂಖ್ಯೆ ಇಲ್ಲದೆ ಹೋದವರು ವಹಿಗಳ ರಾಶಿಯ ಮುಂದೆ ಕಾಯುವುದನ್ನು ಅಲ್ಲೇ ನೋಡಿದೆ. ಈಗ ಯಾರಿಗೆ ಹೇಳುವುದಾದರೂ ನಾನು ಮೊದಲು ಹೇಳುವುದು ಇಷ್ಟೇ: ಹಿರಿಯರ ಟ್ರಂಕಿನ ಕಾಗದಗಳಲ್ಲಿ ಆದೇಶ ಸಂಖ್ಯೆ ಇರುವ ಹಾಳೆಗಳ ಫೋಟೋ ತೆಗೆದಿಡಿ.

ಆ ಆದೇಶವೇ ನಮ್ಮ ವಾದದ ಬೇರು. ಕರಡು ತಯಾರಿಸುವ ಮುಂಚೆ ‘ಈಗಿನ ಭೂಬಳಕೆ’ ಎಂಬ ಇನ್ನೊಂದು ನಕ್ಷೆ ಮಾಡುತ್ತಾರೆ. ಅದರಲ್ಲಿ ನಮ್ಮ ಬಿನ್‌ಶೇತ್ಕಿ ಜಾಗ ಕೃಷಿ ಎಂದಿತ್ತು. ಉಪಗ್ರಹದ ಚಿತ್ರಕ್ಕೆ ತೆಂಗಿನ ಮರ ಕಾಣುತ್ತದೆ, ಆದೇಶ ಕಾಣುವುದಿಲ್ಲ. ಖಾಲಿ ಕೃಷಿ ಜಮೀನು ಎಂದುಕೊಂಡು ರಸ್ತೆ ಎಳೆದಿದ್ದಾರೆ. ಹಾಗೆ ಎಳೆದದ್ದು ನಮ್ಮ ಸಾಲಿನಲ್ಲಿ ನಮ್ಮೊಂದೇ ಜಾಗದ ಮೇಲಲ್ಲ.

ಎರಡನೆಯದು ಅಳತೆ. ಭೂದಾಖಲೆ ಇಲಾಖೆಯಿಂದ ಗ್ರಾಮ ನಕ್ಷೆ ತಂದೆ. ಅದು ಮೈಲಿಗೆ 8 ಇಂಚಿನ ಪ್ರಮಾಣದ್ದು, ಅಂದರೆ 1:7920. ಆ ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಗೆರೆ ನೆಲದ ಮೇಲೆ ಸುಮಾರು 8 ಮೀಟರ್. ಪೆನ್ಸಿಲಿನ ದಪ್ಪ ಒಬ್ಬರ ಮನೆಯ ಅಂಗಳದಷ್ಟು. ಹಳೇ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಅಷ್ಟು ಸರಿದರೆ ಸಾಕು, ಯಾರದೋ ಬೇಲಿ ಇನ್ನ್ಯಾರದೋ ಬಾವಿಗೆ ಬರುತ್ತದೆ. ಪರವಾನಗಿ ಪಡೆದ ಸರ್ವೆಯರ್ ಒಬ್ಬರಿಂದ ನಮ್ಮ ಜಾಗದ ನಾಲ್ಕೂ ಮೂಲೆಗಳ ಅಕ್ಷಾಂಶ ರೇಖಾಂಶ ತೆಗೆಸಿ, ಸರ್ವೆ ದಾಖಲೆಯ ಟಿಪ್ಪಣಿಯಲ್ಲಿರುವ ಅಳತೆಗೆ ಹೊಂದಿಸಿ ಸ್ಕೆಚ್ ಮಾಡಿಸಿದೆವು. ಕರಡಿನಲ್ಲಿ ಹಳ್ಳವು ನಿಜವಾಗಿ ಇದ್ದ ಕಡೆಗಿಂತ ಸಾಕಷ್ಟು ಮೇಲಕ್ಕೆ ಬಂದಿರುವುದು ಆಗ ಕಾಗದದ ಮೇಲೆ ಸ್ಪಷ್ಟವಾಯಿತು. ಖರ್ಚಾಯಿತು ನಿಜ. ಆದರೆ ವಿಚಾರಣೆಯಲ್ಲಿ ಅಧಿಕಾರಿಗಳು ಕೈಗೆತ್ತಿಕೊಂಡು ನೋಡಿದ್ದು ಆ ಒಂದು ಹಾಳೆಯನ್ನೇ.

ಓಣಿಯವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕಿ ಕೊಡೋಣ ಎಂಬ ಮಾತು ಬಂತು. ನಾನು ವಿರೋಧಿಸಿದೆ. ಎಲ್ಲರ ಸಹಿಯ ಒಂದು ಅರ್ಜಿಗೆ ಒಂದೇ ಉತ್ತರ ಬರುತ್ತದೆ, ಮತ್ತು ಒಬ್ಬೊಬ್ಬರ ಜಾಗದ ಸಂಗತಿ ಬೇರೆ. ಸಾಹೇಬರ ಶೆಡ್‌ಗೆ ವ್ಯಾಪಾರ ಪರವಾನಗಿ ಇದೆ, ಅದು ಅವರ ಬಲ. ಪಕ್ಕದ ಮುದುಕಿ ಅಜ್ಜಿಗೆ ಇರುವುದೇ 3 ಗುಂಟೆ, ಅಷ್ಟೂ ರಸ್ತೆಗೆ. ಅವರದು ಬೇರೆಯೇ ವಾದ. ಕೊನೆಗೆ ಎರಡೂ ಮಾಡಿದೆವು. ಪ್ರತಿಯೊಬ್ಬರೂ ತಮ್ಮ ಸರ್ವೆ ನಂಬರ್, ಹಿಸ್ಸಾ, ಕರಡಿನ ನಕ್ಷೆಯ ಹಾಳೆ ಸಂಖ್ಯೆ ಬರೆದು ಪ್ರತ್ಯೇಕ ಆಕ್ಷೇಪಣೆ. ಜೊತೆಗೆ ಎಲ್ಲರೂ ಸೇರಿ ಬದಲಿ ರಸ್ತೆಯ ಒಂದು ಸಲಹೆ. ನಮ್ಮ ಓಣಿಯ ಉತ್ತರಕ್ಕೆ ಹಳೇ ಗಾಡಿ ರಸ್ತೆಯೊಂದಿದೆ, ಇಬ್ಬದಿಗೂ ಬೇಸಾಯಕ್ಕೆ ಬಾರದ ಖರಾಬು ಜಾಗ. ಅದನ್ನೇ ಅಗಲ ಮಾಡಿದರೆ ಮನೆ, ಬಾವಿ ಯಾವುದೂ ಹೋಗುವುದಿಲ್ಲ ಎಂದು ನಕ್ಷೆಯಲ್ಲಿ ಗುರುತು ಮಾಡಿ ಕೊಟ್ಟೆವು. ಪ್ರತಿ ಅರ್ಜಿಯ ಎರಡನೇ ಪ್ರತಿಗೆ ದಿನಾಂಕ ಇರುವ ಮೊಹರು ಹಾಕಿಸಿಕೊಂಡೇ ಹೊರಬಂದೆವು. ಅಜ್ಜಿಯ ಅರ್ಜಿಯನ್ನು ತಂಗಿ ಬರೆದುಕೊಟ್ಟಳು.

ವಿಚಾರಣೆಯ ದಿನ ಒಬ್ಬೊಬ್ಬರಿಗೆ ಸಿಕ್ಕಿದ್ದು ಕೆಲವೇ ನಿಮಿಷ. “ರಸ್ತೆ ಬೇಡ, ಉದ್ಯಾನ ಬೇಡ ಅಂದ್ರೆ ಊರು ಬೆಳೆಯೋದು ಹೇಗೆ? ಮಾರಿಕಾಂಬಾ ಜಾತ್ರೆಯಲ್ಲಿ ಪೇಟೆಯೊಳಗೆ ಒಂದು ಆಂಬುಲೆನ್ಸ್ ಹೋಗಲಿಕ್ಕೆ ಆಗ್ತದಾ?” ಎಂದು ಎಂಜಿನಿಯರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುವ ಊರಿಗೆ ಹೊರಸುತ್ತಿನ ರಸ್ತೆ ಬೇಕು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಅಘನಾಶಿನಿಯ ಮೂಲವೆನ್ನುವ ಶಂಕರಹೊಂಡ ಇರುವುದು ನಮ್ಮೂರಲ್ಲೇ. ಹಳ್ಳ, ಕೆರೆಗಳ ದಂಡೆ ಬಿಟ್ಟುಕೊಡದಿದ್ದರೆ ಊರು ಉಳಿಯುವುದಿಲ್ಲ. ನಾನು ಹೇಳಿದ್ದು ಇಷ್ಟು: ಹಳ್ಳದ ಪಕ್ಕ ನಿಯಮದಷ್ಟು ಜಾಗ ಖಾಲಿ ಬಿಡಲು ನಮ್ಮ ತಕರಾರಿಲ್ಲ, ಆದರೆ ಹಳ್ಳ ನೆಲದ ಮೇಲೆ ಎಲ್ಲಿದೆಯೋ ಅಲ್ಲಿಂದ ಅಳೆಯಿರಿ. ರಸ್ತೆ ಮಾಡಿ, ಆದರೆ ಸರ್ಕಾರವೇ ವಸತಿಗೆ ಎಂದು ಆದೇಶ ಕೊಟ್ಟ ಜಾಗದ ಮೇಲೆ ಎಳೆಯುವ ಮೊದಲು ಖರಾಬು ಜಾಗ ನೋಡಿ.

ಬಿಟ್ಟುಕೊಟ್ಟ ಜಾಗಕ್ಕೆ ಅಭಿವೃದ್ಧಿ ಹಕ್ಕು ಪತ್ರ ತೆಗೆದುಕೊಳ್ಳಬಹುದಲ್ಲ ಎಂದು ಇನ್ನೊಬ್ಬರು ಸೂಚಿಸಿದರು. ಟಿಡಿಆರ್ ಎನ್ನುತ್ತಾರಲ್ಲ, ಅದು. ರಸ್ತೆಗೆ ಜಾಗ ಉಚಿತವಾಗಿ ಕೊಟ್ಟವರಿಗೆ ಹಣದ ಬದಲು ಹೆಚ್ಚುವರಿ ಮಹಡಿ ಕಟ್ಟುವ ಹಕ್ಕು. ಬೇಡವಾದರೆ ಬೇರೆಯವರಿಗೆ ಮಾರಬಹುದು. ಬೆಂಗಳೂರಿನಲ್ಲಿ ಅದಕ್ಕೆ ಗಿರಾಕಿ ಇದ್ದಾರು. ಎರಡು ಮಹಡಿಗೇ ಸಾಕೆನ್ನುವ ನಮ್ಮೂರಿನಲ್ಲಿ ಅಜ್ಜಿ ಆ ಪತ್ರ ಹಿಡಿದುಕೊಂಡು ಯಾರ ಬಳಿ ಹೋಗಬೇಕು? ಇದನ್ನು ನಾನು ಅಲ್ಲೇ ಹೇಳಿದೆ, ಸ್ವಲ್ಪ ಏರು ದನಿಯಲ್ಲೇ ಹೇಳಿದೆ.

ಮಳೆಗಾಲದ ನಡುವೆ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದರು. ಹಳ್ಳ ತುಂಬಿ ಹರಿಯುತ್ತಿತ್ತು. ನೀರು ನಮ್ಮ ತೋಟದ ಕೆಳಗಿನ ಎರಡು ಸಾಲು ಅಡಿಕೆ ಮರದವರೆಗೆ ಏರುತ್ತದೆ, ಅದಕ್ಕಿಂತ ಮೇಲೆ ಬರುವುದಿಲ್ಲ. ಅದನ್ನು ಕಣ್ಣಾರೆ ನೋಡಿದರು, ಗುರುತು ಮಾಡಿಕೊಂಡರು. ಕೊಡೆ ಹಿಡಿದು ಗಾಡಿ ರಸ್ತೆಯ ಉದ್ದಕ್ಕೂ ನಡೆದರು.

ಆ ದಿನಗಳಲ್ಲೇ ಕಾರವಾರದ ಕೋಡಿಬಾಗದಲ್ಲಿರುವ ಭಾವನ ಜೊತೆ ಫೋನಿನಲ್ಲಿ ಮಾತಾಡುವಾಗ ಅವರದೂ ಇದೇ ಪಾಡೆಂದು ತಿಳಿಯಿತು. ಅಲ್ಲಿ ಮಹಾಯೋಜನೆಯ ಮೇಲೆ ಇನ್ನೊಂದು ನಕ್ಷೆ, ಕರಾವಳಿ ನಿಯಂತ್ರಣ ವಲಯದ್ದು. ಕಾಳಿಯಂಥ ಭರತದ ನೀರು ಒಳಬರುವ ನದಿಯ ದಂಡೆಯಲ್ಲಿ 2011ರ ಅಧಿಸೂಚನೆಯಂತೆ 100 ಮೀಟರ್ ಅಥವಾ ನದಿಯ ಅಗಲ, ಎರಡರಲ್ಲಿ ಕಡಿಮೆಯಾದದ್ದು ನಿಯಂತ್ರಣಕ್ಕೆ ಒಳಪಡುತ್ತಿತ್ತು. 2019ರ ಅಧಿಸೂಚನೆ ಆ 100ನ್ನು 50ಕ್ಕೆ ಇಳಿಸಿತು. ಸಮುದ್ರದ ಪಕ್ಕದ ಹಳ್ಳಿಗಳಲ್ಲಿ ಕಟ್ಟಡ ನಿಷೇಧ 200 ಮೀಟರ್ ಇದ್ದದ್ದು, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ 50 ಮೀಟರ್ ಆಯಿತು. ಆದರೆ ಹೊಸ ಅಧಿಸೂಚನೆ ಹೊರಟ ಮಾತ್ರಕ್ಕೆ ಹೊಸ ಅಳತೆ ಸಿಗುವುದಿಲ್ಲ, ಅದರಂತೆ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆ ತಿದ್ದಿ ಮಂಜೂರಾಗುವವರೆಗೆ ಹಳೆಯದೇ ನಡೆಯುತ್ತದೆ. ಮನೆಯ ಹಿಂದೆ ಒಂದು ಕೋಣೆ ಎಬ್ಬಿಸಲು ಭಾವ ಆ ನಕ್ಷೆಗಾಗಿ ಕಾದದ್ದು ವರ್ಷಗಟ್ಟಲೆ. “ನಿಂಗಳದ್ದು ಬಣ್ಣ, ನಂಗಳದ್ದು ಗೆರೆ, ಅಷ್ಟೇಯ” ಎಂದರು.

ನಮ್ಮ ಆಕ್ಷೇಪಣೆಗಳು ಪ್ರಾಧಿಕಾರದ ಶಿಫಾರಸಿನೊಂದಿಗೆ ಸರ್ಕಾರಕ್ಕೆ ಹೋಗಿ, ಯೋಜನೆಗೆ ಅಂತಿಮ ಅನುಮೋದನೆ ಸಿಕ್ಕಿದ ಮೇಲೆ ನಕ್ಷೆ ನೋಡಿದಾಗ ಅರ್ಧ ಸರಿಯಾಗಿತ್ತು. ರಸ್ತೆ ಗಾಡಿ ರಸ್ತೆಯ ಸಾಲಿಗೆ ಸರಿದಿದೆ, ಅಗಲವೂ 18ರಿಂದ 12 ಮೀಟರಿಗೆ ಇಳಿದಿದೆ. ಮೇಲಿನ 12 ಗುಂಟೆ ಪೂರ್ತಿ ಹಳದಿ. ಅಜ್ಜಿಯ ಜಾಗ ಉಳಿಯಿತು. ಬ್ಯಾಂಕಿನ ವಕೀಲರು ಸಹಿ ಹಾಕಿದರು. ಆದರೆ ತೋಟದ 10 ಗುಂಟೆ ಮತ್ತು ಸಾಹೇಬರ ಶೆಡ್ ಹಸಿರಲ್ಲೇ ಉಳಿದವು. ಹಳ್ಳದ ಸ್ಥಾನ ತಿದ್ದಿದ್ದಾರೆ, ಉದ್ಯಾನದ ಗಡಿ ತಿದ್ದಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ಆ ಹಸಿರಿಗೆ ಈಗ ಕಾರಣವೇ ಕಾಣುವುದಿಲ್ಲ.

ಅಂತಿಮವಾದ ಯೋಜನೆಯಲ್ಲೂ ಬದಲಾವಣೆಗೆ ದಾರಿ ಇದೆ, ಕಾಯ್ದೆಯ 14ಎ ಕಲಂ. ನಕ್ಷೆ ಬರೆಯುವಾಗ ಆದ ತಪ್ಪು, ಬಿಟ್ಟುಹೋದ ವಿವರ ಇಂಥ ಕಾರಣಕ್ಕೆ, ಸಾರ್ವಜನಿಕ ಹಿತಕ್ಕೆ ಒಪ್ಪುವಂತಿದ್ದರೆ, ಸರ್ಕಾರದ ಪೂರ್ವಾನುಮತಿ ಪಡೆದು ಪ್ರಾಧಿಕಾರ ಬಳಕೆ ಬದಲಿಸಬಹುದು. ಅದಕ್ಕೂ ಪತ್ರಿಕೆಯಲ್ಲಿ ಪ್ರಕಟಣೆ, ಅದಕ್ಕೂ ಆಕ್ಷೇಪಣೆಗೆ ಅವಕಾಶ. ಕರಡಿನ ಹೊತ್ತಿಗೆ ಒಂದು ಬಿಳಿ ಹಾಳೆಯಲ್ಲಿ ಕೇಳಬಹುದಾದದ್ದಕ್ಕೆ ಈಗ ಬೆಂಗಳೂರಿನವರೆಗೆ ಕಡತ ಹೋಗಬೇಕು, ಶುಲ್ಕ ಕಟ್ಟಬೇಕು. ಸಾಹೇಬರು ಆ ಅರ್ಜಿ ಹಾಕಿದ್ದಾರೆ. ಸರ್ವೆಯರ್ ಸ್ಕೆಚ್ಚಿನಲ್ಲಿ ಅವರ ಶೆಡ್‌ನ ಮೂಲೆಗಳನ್ನೂ ಸೇರಿಸಿ ಮಾಡಿಸಿಕೊಟ್ಟೆವು.

ತೋಟಕ್ಕೆ ನಾವಿನ್ನೂ ಅರ್ಜಿ ಹಾಕಿಲ್ಲ, 69ನೇ ಕಲಮಿನ ದಾರಿ ನೋಡುತ್ತಿದ್ದೇವೆ. ಉದ್ಯಾನ, ರಸ್ತೆಯಂಥ ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಾಗವನ್ನು ಯೋಜನೆ ಜಾರಿಗೆ ಬಂದ 5 ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ ಅಥವಾ ಸ್ವಾಧೀನದ ಕ್ರಮ ಶುರು ಮಾಡದಿದ್ದರೆ ಆ ಗುರುತು ರದ್ದಾದಂತೆ ಎನ್ನುತ್ತದೆ ಅದು. ಕಾನೂನಿನಲ್ಲಿ ರದ್ದಾದರೂ ಗೋಡೆಯ ನಕ್ಷೆಯಲ್ಲಿ ಬಣ್ಣ ತಾನಾಗಿ ಬದಲಾಗುವುದಿಲ್ಲ. ಬರೆದು ಕೇಳಿ ಪಡೆಯಬೇಕು. ಯೋಜನೆ ಜಾರಿಗೆ ಬಂದ ರಾಜ್ಯಪತ್ರದ ಪ್ರತಿ, ಮೊಹರು ಬಿದ್ದ ಆಕ್ಷೇಪಣೆ, ಮಳೆಗಾಲದ ಪರಿಶೀಲನೆಯ ಟಿಪ್ಪಣಿಯ ನಕಲು (ಅದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ತೆಗೆದದ್ದು) ಎಲ್ಲ ಒಂದೇ ಫೈಲಿನಲ್ಲಿವೆ. ಅಡಿಕೆ ಕೊಯ್ಲು ಎಂದಿನಂತೆ ನಡೆದಿದೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮುಂದಿನ ಪರಿಷ್ಕರಣೆಯ ಕರಡು ಬಂದಾಗ ನಮ್ಮ ಓಣಿಯ ಪ್ರತಿ ಮನೆಗೂ ಮೊದಲ ವಾರದಲ್ಲೇ ಹೇಳುವ ಕೆಲಸವನ್ನು ತಂಗಿ ವಹಿಸಿಕೊಂಡಿದ್ದಾಳೆ.